ಮಾತು ಉಳಿಯಿತು, ಊರು ಖಾಲಿಯಾಯಿತು

ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಹಲವರಿಗೆ ಜೆ.ಎಂ. ಸಿಂಜ್‌ನ 'ರೈಡರ್ಸ್ ಟು ದಿ ಸೀ' ಎಂಬ ಪುಟ್ಟ ನಾಟಕ ನೆನಪಿರುತ್ತದೆ. ಐರ್ಲೆಂಡಿನ ಪಶ್ಚಿಮಕ್ಕಿರುವ ಆರಾನ್ ದ್ವೀಪಗಳಲ್ಲಿ ಒಬ್ಬ ಮುದುಕಿ ತನ್ನ ಮನೆಯ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ಕಡಲಿಗೆ ಕೊಟ್ಟು, ಇನ್ನು ಕಳೆದುಕೊಳ್ಳಲು ಏನೂ ಉಳಿದಿಲ್ಲ ಎಂಬ ಒಂದು ಬಗೆಯ ನಿರಾಳಕ್ಕೆ ಬಂದು ನಿಲ್ಲುತ್ತಾಳೆ. 1904ರಲ್ಲಿ ರಂಗಕ್ಕೆ ಬಂದ ಈ ನಾಟಕದ ಶಕ್ತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಅದನ್ನು ಬರೆದವನು ಅನುಕೂಲಸ್ಥ ಮನೆತನದ ವಿದ್ಯಾವಂತ. ದ್ವೀಪಕ್ಕೆ ಕೆಲವು ವಾರಗಳ ಮಟ್ಟಿಗೆ ಬಂದು ಹೋಗುತ್ತಿದ್ದವನು. ಅವನು ಕಂಡ ಕಡಲು ವಿಧಿಯ ಕಡಲು. ಅಲ್ಲಿ ಮೀನು ಹಿಡಿಯುವುದಕ್ಕಿಂತ ಸಾಯುವುದೇ ಮುಖ್ಯವಾಗಿ ಕಾಣುತ್ತದೆ.

ಇದಾದ 25 ವರ್ಷಗಳ ನಂತರ, 1929ರಲ್ಲಿ, ಅದೇ ಐರ್ಲೆಂಡಿನ ಇನ್ನೊಂದು ದ್ವೀಪದಿಂದ ಒಂದು ಪುಸ್ತಕ ಬಂತು. ಬರೆದವನು ಎಪ್ಪತ್ತು ದಾಟಿದ ಮೀನುಗಾರ. ಹೆಸರು ತೊಮಾಸ್ ಓ ಕ್ರಿಹನ್. ಐರಿಷ್ ಭಾಷೆಯ ಈ ಆತ್ಮಕಥೆಯನ್ನು ರಾಬಿನ್ ಫ್ಲವರ್ ಎಂಬ ವಿದ್ವಾಂಸ 1934ರಲ್ಲಿ 'ದಿ ಐಲೆಂಡ್‌ಮನ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದ. 'ದ್ವೀಪದ ಮನುಷ್ಯ' ಎಂದು ನಾವು ಹೇಳಬಹುದು. ಈ ಪುಸ್ತಕವನ್ನು ಹೊಗಳಿದವರು ಬಹಳ. ಆದರೆ ಹೊಗಳಿದವರು ಏನನ್ನು ಹೊಗಳಿದರು, ಆ ಹೊಗಳಿಕೆಯಿಂದ ಬರೆದವನ ಊರಿಗೆ ಏನು ದಕ್ಕಿತು ಎಂಬ ಪ್ರಶ್ನೆಯನ್ನು ಬಿಟ್ಟು ಇದನ್ನು ಓದುವುದು ಸರಿಯಲ್ಲ ಎಂಬುದು ಈ ಲೇಖನದ ವಾದ.

ಮೊದಲು ಊರಿನ ಪರಿಚಯ. ಐರ್ಲೆಂಡಿನ ನೈಋತ್ಯದಲ್ಲಿ, ಕೆರಿ ಜಿಲ್ಲೆಯ ಡಿಂಗಲ್ ಎಂಬ ಭೂಶಿರದ ತುದಿಯಾಚೆ ಬ್ಲಾಸ್ಕೆಟ್ ದ್ವೀಪಗಳಿವೆ. ಅವುಗಳಲ್ಲಿ ದೊಡ್ಡದು ಗ್ರೇಟ್ ಬ್ಲಾಸ್ಕೆಟ್. ದೊಡ್ಡದು ಎಂದರೂ ಉದ್ದ ಆರು ಕಿಲೋಮೀಟರಿನ ಆಸುಪಾಸು, ಅಗಲ ಒಂದು ಕಿಲೋಮೀಟರಿಗೆ ತುಸು ಹೆಚ್ಚು. ಕಡಲ ನಡುವೆ ಎದ್ದು ನಿಂತ ಗುಡ್ಡದ ಬೆನ್ನು ಅದು. ಗುಡ್ಡದ ಒಂದು ತುದಿಯಲ್ಲಿ, ಒಳನಾಡಿಗೆ ಮುಖಮಾಡಿ, ಒಂದೇ ಹಳ್ಳಿ. 1916ರ ಹೊತ್ತಿಗೆ ಅಲ್ಲಿ 176 ಜನ ಇದ್ದರು. ಅದೇ ಅತಿ ಹೆಚ್ಚು. ಎದುರಿನ ಡನ್‌ಕ್ವಿನ್ ಎಂಬ ಹಳ್ಳಿಗೆ ಸುಮಾರು ಮೂರು ಮೈಲಿ ನೀರು. ಆ ನೀರನ್ನು ದಾಟಲು ಇದ್ದದ್ದು ಮರದ ಪಟ್ಟಿಗಳ ಮೇಲೆ ಕ್ಯಾನ್ವಾಸ್ ಬಟ್ಟೆ ಬಿಗಿದು ಡಾಮರು ಬಳಿದ ಹಗುರ ದೋಣಿ. ಅದನ್ನು ಅವರು 'ನೇವೋಗ್' ಎನ್ನುತ್ತಿದ್ದರು. ಮಗುಚಿ ಹೆಗಲ ಮೇಲೆ ಹೊತ್ತರೆ ಮೂರು ನಾಲ್ಕು ಜನ ದಡದ ಮೇಲಕ್ಕೆ ಒಯ್ಯಬಹುದು. ದ್ವೀಪದಲ್ಲಿ ವೈದ್ಯನಿರಲಿಲ್ಲ, ಪಾದ್ರಿ ಇರಲಿಲ್ಲ, ಚರ್ಚ್ ಇರಲಿಲ್ಲ. ಭಾನುವಾರದ ಪ್ರಾರ್ಥನೆಗೆ, ಹಿಟ್ಟಿಗೆ, ಹೊಗೆಸೊಪ್ಪಿಗೆ, ಹೆಣ ಹೂಳುವುದಕ್ಕೆ ಕೂಡ ದೋಣಿ ಹತ್ತಬೇಕು. ಚಳಿಗಾಲದಲ್ಲಿ ವಾರಗಟ್ಟಲೆ ದೋಣಿ ಇಳಿಸಲಾಗದು.

ಇಂಥ ಊರಿಗೆ ವಿದ್ವಾಂಸರು ಹುಡುಕಿಕೊಂಡು ಬಂದದ್ದು ಭಾಷೆಯ ಕಾರಣಕ್ಕೆ. ಐರ್ಲೆಂಡಿನ ಬಹುಭಾಗದಲ್ಲಿ ಇಂಗ್ಲಿಷ್ ಆವರಿಸಿಕೊಂಡು, ಐರಿಷ್ ಬಡವರ ಮನೆಯ ಮೂಲೆಗೆ ಸರಿದಿತ್ತು. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಅದೇ ಭಾಷೆ ರಾಷ್ಟ್ರದ ಆತ್ಮವೆಂದು ಕರೆಸಿಕೊಂಡಿತು. ಹಾಗಾಗಿ ಅದನ್ನು ಕಲಬೆರಕೆಯಿಲ್ಲದೆ ಆಡುವವರು ಎಲ್ಲಿದ್ದಾರೆ ಎಂದು ಹುಡುಕಾಟ ಶುರುವಾಯಿತು. 1905ರಲ್ಲಿ ಸಿಂಜ್ ಬ್ಲಾಸ್ಕೆಟ್‌ಗೂ ಬಂದು ಹೋದ. 1907ರಲ್ಲಿ ನಾರ್ವೆಯಿಂದ ಕಾರ್ಲ್ ಮಾರ್‌ಸ್ಟ್ರಾಂಡರ್ ಬಂದ. 1910ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಹಸ್ತಪ್ರತಿ ವಿಭಾಗದ ಫ್ಲವರ್ ಬಂದ. ಮಾರ್‌ಸ್ಟ್ರಾಂಡರ್‌ಗೂ ಫ್ಲವರ್‌ಗೂ ಪಾಠ ಹೇಳಿದವನು ತೊಮಾಸ್. ಅವನು ಶಾಲೆಯಲ್ಲಿ ಕಲಿತದ್ದು ಇಂಗ್ಲಿಷ್ ಅಕ್ಷರ. ತನ್ನ ಮನೆಮಾತನ್ನು ಓದಲು ಬರೆಯಲು ಕಲಿತದ್ದು ನಡುವಯಸ್ಸಿನಲ್ಲಿ.

1917ರಲ್ಲಿ ಬಂದ ಬ್ರಯನ್ ಓ ಕೆಲ್ಲಿ ಎಂಬಾತ ಒಂದು ಹೆಜ್ಜೆ ಮುಂದೆ ಹೋದ. ನಿನ್ನ ಬದುಕನ್ನು ನೀನೇ ಬರೆ ಎಂದ. ಮೀನುಗಾರನ ಬದುಕಿನಲ್ಲಿ ಬರೆಯುವಂಥದ್ದು ಏನಿದೆ ಎಂಬ ಹಿಂಜರಿಕೆಯನ್ನು ಬಿಡಿಸಲು ಮ್ಯಾಕ್ಸಿಂ ಗಾರ್ಕಿಯನ್ನು ಓದಿ ಹೇಳಿದ. ಫ್ರೆಂಚ್ ಲೇಖಕ ಪಿಯರ್ ಲೋತಿ ಮೀನುಗಾರರ ಬಗ್ಗೆ ಬರೆದ ಕಾದಂಬರಿಯನ್ನೂ ಓದಿದ. ಗಾರ್ಕಿ ಕನ್ನಡದಲ್ಲೂ ಎಷ್ಟೋ ಜನರ ಕೈಗೆ ಲೇಖನಿ ಕೊಟ್ಟವನು. ಅಟ್ಲಾಂಟಿಕ್ ಸಾಗರದ ಬಂಡೆಯೊಂದರ ಮೇಲೆ ಮುದುಕನೊಬ್ಬನಿಗೂ ಅವನೇ ಲೇಖನಿ ಕೊಟ್ಟ ಎಂಬುದು ಸಂತೋಷದ ಸಂಗತಿ.

ಪುಸ್ತಕದೊಳಗೆ ಏನಿದೆ? ಮೊದಲು ಎದ್ದು ಕಾಣುವುದು ಕೆಲಸ. ಬಲೆ, ಬಂಗುಡೆ ಜಾತಿಯ ಮೀನು, ಲಾಬ್‌ಸ್ಟರ್ ಹಿಡಿಯುವ ಬುಟ್ಟಿ, ಗುಡ್ಡದ ಮೇಲಿನ ಕುರಿ, ಆಲೂಗಡ್ಡೆಗೆ ಗೊಬ್ಬರವಾಗಿ ಹಾಕುವ ಕಡಲಪಾಚಿ, ಒಲೆಗೆ ಬೇಕಾದ ಜೌಗುಮಣ್ಣಿನ ಹೆಂಟೆ. ಗುಡ್ಡದ ಜೌಗಿನಲ್ಲಿ ಈ ಮಣ್ಣನ್ನು ಕಡಿದು ಒಣಗಿಸಿದರೆ ಸೌದೆಯಂತೆ ಉರಿಯುತ್ತದೆ. ಮರವಿಲ್ಲದ ದ್ವೀಪದಲ್ಲಿ ಇದೇ ಉರುವಲು. ಸೀಲ್ ಎಂಬ ಕಡಲಪ್ರಾಣಿಯನ್ನು ಗವಿಯೊಳಗೆ ಈಜಿ ಹೋಗಿ ಕೊಲ್ಲುವ ಪ್ರಸಂಗಗಳು ಪುಟಗಟ್ಟಲೆ ಬರುತ್ತವೆ. ಮಾಂಸ ಊಟಕ್ಕೆ, ಎಣ್ಣೆ ದೀಪಕ್ಕೆ. ಒಮ್ಮೆ ಸೀಲ್ ಒಂದು ತೊಮಾಸನ ಮೀನಖಂಡವನ್ನೇ ಕಚ್ಚಿ ಹರಿಯುತ್ತದೆ. ಇದನ್ನು ಅವನು ವೀರಗಾಥೆ ಮಾಡುವುದಿಲ್ಲ. ಗಾಯಕ್ಕೆ ಏನು ಕಟ್ಟಿದರು, ಎಷ್ಟು ದಿನ ಕೆಲಸ ಕೆಟ್ಟಿತು ಎಂಬ ಲೆಕ್ಕಕ್ಕೆ ಹೋಗುತ್ತಾನೆ.

ಇನ್ನೊಂದು ಪ್ರಸಂಗ ನನಗೆ ಇಡೀ ಪುಸ್ತಕದ ಕೀಲಿಕೈ ಎನಿಸುತ್ತದೆ. ತೊಮಾಸ್ ಜೌಗುಮಣ್ಣು ಕಡಿಯಲು ಗುಡ್ಡಕ್ಕೆ ಹೋಗಿದ್ದಾನೆ. ಅಲ್ಲಿಗೆ ದ್ವೀಪದ ಕವಿ ಬರುತ್ತಾನೆ. ಕೂತು ತನ್ನ ಪದ್ಯ ಹೇಳಲು ಶುರುಮಾಡುತ್ತಾನೆ. ಬರೆದುಕೊಳ್ಳದಿದ್ದರೆ ನನ್ನ ಜೊತೆಗೆ ಇದೂ ಸತ್ತುಹೋಗುತ್ತದೆ ಎಂದು ಕವಿಯ ಒತ್ತಾಯ. ತೊಮಾಸನಿಗೆ ಒಳಗೊಳಗೇ ಸಿಟ್ಟು. ಏಕೆಂದರೆ ಒಣಹವೆಯ ದಿನ ಮತ್ತೆ ಸಿಗುವುದಿಲ್ಲ, ಚಳಿಗಾಲದಲ್ಲಿ ಒಲೆ ಉರಿಯಬೇಕು. ಆದರೂ ಕವಿಯ ಮಾತು ಮೀರಲಾರ, ಅವನ ಬಾಯಿಗೆ ಊರೇ ಹೆದರುತ್ತದೆ. ಹಾಗಾಗಿ ಗುದ್ದಲಿ ಇಟ್ಟು ಕಾಗದ ಹಿಡಿಯುತ್ತಾನೆ. ಪದ್ಯ ಉಳಿಯುತ್ತದೆ, ಆ ದಿನದ ಉರುವಲು ಕೈತಪ್ಪುತ್ತದೆ. ಹೊರಗಿನಿಂದ ಬಂದ ಯಾವ ವಿದ್ವಾಂಸನೂ ಈ ಲೆಕ್ಕವನ್ನು ಬರೆಯಲಾರ. ಅವನಿಗೆ ಸಿಗುವುದು ಪದ್ಯ ಮಾತ್ರ. ಪದ್ಯಕ್ಕೆ ತೆತ್ತ ಬೆಲೆ ಗೊತ್ತಿರುವುದು ಗುದ್ದಲಿ ಹಿಡಿದವನಿಗೆ.

ಮದುವೆಯ ವಿಷಯವೂ ಹೀಗೆಯೇ. ಪಕ್ಕದ ಸಣ್ಣ ದ್ವೀಪದ ಹುಡುಗಿಯೊಬ್ಬಳ ಮೇಲೆ ಅವನಿಗೆ ಮನಸ್ಸಿತ್ತು. ಅಕ್ಕ ಬೇಡವೆಂದಳು. ಕಷ್ಟಕಾಲಕ್ಕೆ ಒದಗುವ ನೆಂಟರು ದೂರದ ಬಂಡೆಯ ಮೇಲಿದ್ದರೆ ಪ್ರಯೋಜನವೇನು ಎಂಬುದು ಅವಳ ವಾದ. 1878ರಲ್ಲಿ ಅವನು ಅಕ್ಕ ತೋರಿಸಿದ ಹೆಣ್ಣನ್ನೇ ಮದುವೆಯಾದ. ನಗರದ ಓದುಗನಿಗೆ ಇದು ಪ್ರೇಮಭಂಗ. ದ್ವೀಪದಲ್ಲಿ ದೋಣಿಗೆ ಕೈ ಸಾಲದೆ ಹೋದರೆ ಮನೆಯೇ ಮುಳುಗುತ್ತದೆ. ಅಕ್ಕನ ಮಾತಿನಲ್ಲಿದ್ದದ್ದು ಕ್ರೌರ್ಯವಲ್ಲ, ವ್ಯವಹಾರಜ್ಞಾನ.

ಅವನಿಗೆ ಹತ್ತು ಮಕ್ಕಳು. ಒಬ್ಬ ಹುಡುಗ ಹಕ್ಕಿಮರಿ ಹಿಡಿಯಲು ಹೋಗಿ ಕಡಿದಾದ ಬಂಡೆಯಿಂದ ಬಿದ್ದು ಸತ್ತ. ದಡಾರ, ನಾಯಿಕೆಮ್ಮು ಕೆಲವರನ್ನು ಒಯ್ದವು. 1909ರಲ್ಲಿ, ಐರಿಷ್ ಕಲಿಯಲೆಂದು ಡಬ್ಲಿನ್‌ನಿಂದ ಬಂದಿದ್ದ ಯುವತಿಯೊಬ್ಬಳು ನೀರಿನಲ್ಲಿ ಅಪಾಯಕ್ಕೆ ಸಿಕ್ಕಾಗ, ಅವಳನ್ನು ಉಳಿಸಲು ಧುಮುಕಿದ ಅವನ ಮಗನೂ ಅವಳೊಂದಿಗೆ ಮುಳುಗಿದ. ಇಷ್ಟೆಲ್ಲ ಸಾವುಗಳು ಪುಸ್ತಕದಲ್ಲಿ ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತವೆ. ಸಿಂಜ್ ಒಂದು ನಾಟಕ ಕಟ್ಟಿದ ವಸ್ತುವನ್ನು ತೊಮಾಸ್ ಹೇಳಿ ಮುಂದಕ್ಕೆ ಸಾಗುತ್ತಾನೆ.

ಇದನ್ನು ಕೆಲವು ವಿಮರ್ಶಕರು ಪ್ರಾಚೀನ ಮಹಾಕಾವ್ಯಗಳ ನಿರ್ಲಿಪ್ತತೆ ಎಂದು ಕೊಂಡಾಡಿದ್ದಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ನಿರ್ಲಿಪ್ತನಾದವನು ಒಂದೊಂದು ಸಾವಿನ ಕಾರಣವನ್ನೂ ಹೀಗೆ ನೆನಪಿಟ್ಟುಕೊಳ್ಳುವುದಿಲ್ಲ. ಮರುದಿನ ದೋಣಿ ಇಳಿಸಲೇಬೇಕಾದವನು ದುಃಖಕ್ಕೆ ಕೊಡಬಹುದಾದ ಜಾಗ ಅಷ್ಟೇ. ಉಳಿದ ಮಕ್ಕಳಿಗೆ ಊಟ ಬೇಕು. ಅವನ ಮೌನವನ್ನು ಶೈಲಿ ಎಂದು ಕರೆದು ಮೆಚ್ಚಿಕೊಂಡರೆ, ಆ ಮೌನವನ್ನು ಹೇರಿದ ಬಡತನದ ಕಡೆ ನೋಡುವ ಕಷ್ಟ ನಮಗೆ ತಪ್ಪುತ್ತದೆ.

ಪುಸ್ತಕಕ್ಕೆ ಕೊರತೆಗಳಿಲ್ಲವೆಂದಲ್ಲ. ಹೆಂಡತಿಯ ಬಗ್ಗೆ ಬಹಳ ಕಡಿಮೆ ಮಾತು. ಹೆಂಗಸರು ಮಾಡುತ್ತಿದ್ದ ದುಡಿಮೆ, ಹೆರಿಗೆ, ಮಕ್ಕಳ ಕಾಯಿಲೆಯ ರಾತ್ರಿಗಳು ಅಂಚಿನಲ್ಲೇ ಉಳಿಯುತ್ತವೆ. ಈ ಕೊರತೆಯನ್ನು ಒಂದಿಷ್ಟು ತುಂಬಿದವಳು ಅದೇ ದ್ವೀಪಕ್ಕೆ ಸೊಸೆಯಾಗಿ ಬಂದ ಪೆಗ್ ಸೇಯರ್ಸ್. ಅವಳಿಗೆ ಐರಿಷ್ ಬರೆಯಲು ಬಾರದು. ಅವಳು ಹೇಳಿದ್ದನ್ನು ಮಗ ಬರೆದುಕೊಂಡ. 1936ರಲ್ಲಿ 'ಪೆಗ್' ಪ್ರಕಟವಾಯಿತು. ಚಿಕ್ಕಂದಿನಲ್ಲಿ ಪರರ ಮನೆಯ ಚಾಕರಿ, ಅಮೆರಿಕಕ್ಕೆ ಹೋಗುವ ಆಸೆ ಕೈಗೂಡದೆ ದ್ವೀಪಕ್ಕೆ ಮದುವೆ, ಬಂಡೆಯಿಂದ ಬಿದ್ದು ಸತ್ತ ಮಗ, ಒಬ್ಬೊಬ್ಬರಾಗಿ ಹಡಗು ಹತ್ತಿದ ಮಕ್ಕಳು. ತೊಮಾಸ್ ಹೇಳದೆ ಬಿಟ್ಟದ್ದನ್ನು ಅವಳು ಕೂತು ಹೇಳುತ್ತಾಳೆ. ನೂರಾರು ಕಥೆ ಬಲ್ಲ ಆಕೆಗೆ ಹೇಳುವುದೇ ಕಲೆ. ಹಿಂದೆಯೇ, 1933ರಲ್ಲಿ, ಮೋರಿಸ್ ಒ ಸಲಿವನ್ ಎಂಬ ದ್ವೀಪದ ಯುವಕ ತನ್ನ ಬಾಲ್ಯವನ್ನು ಲವಲವಿಕೆಯಿಂದ ಬರೆದಿದ್ದ. ಇನ್ನೂರು ಜನವೂ ಇಲ್ಲದ ಒಂದು ಹಳ್ಳಿಯಿಂದ ಏಳೆಂಟು ವರ್ಷಗಳೊಳಗೆ ಮೂರು ಮುಖ್ಯ ಆತ್ಮಕಥನಗಳು ಬಂದವು.

ಇಲ್ಲಿಂದ ಮುಂದಿನದು ಪುಸ್ತಕಗಳಿಗೆ ಏನಾಯಿತು ಎಂಬ ಕಥೆ. ತೊಮಾಸನ ಹಸ್ತಪ್ರತಿಯನ್ನು ಅಚ್ಚಿಗೆ ಸಿದ್ಧಪಡಿಸಿದ ಸಂಪಾದಕ 'ಗಿಡುಗ' ಎಂಬ ಅರ್ಥದ ಐರಿಷ್ ಕಾವ್ಯನಾಮದಿಂದ ಬರೆಯುತ್ತಿದ್ದವನು. ಭಾಷೆಯ ಮೇಲೆ ನಿಜವಾದ ಪ್ರೀತಿಯುಳ್ಳವನು. ಆದರೆ ಒರಟೆನಿಸಿದ, ಮೈಯ ಮಾತಾಡುವ ಕೆಲವು ಭಾಗಗಳನ್ನು ಅವನು ಕತ್ತರಿಸಿದ. ಆಗಷ್ಟೇ ಹುಟ್ಟಿದ್ದ ಹೊಸ ರಾಷ್ಟ್ರಕ್ಕೆ ಮಡಿವಂತ ಹಳ್ಳಿಗ ಬೇಕಾಗಿದ್ದ. ಬಡವನಾಗಿರಬೇಕು, ದೈವಭಕ್ತನಾಗಿರಬೇಕು, ಶುದ್ಧ ಭಾಷೆ ಆಡಬೇಕು, ಪೋಲಿ ಜೋಕು ಹೇಳಬಾರದು. ಕತ್ತರಿಸಿದ್ದೆಲ್ಲ ಸೇರಿ ಪೂರ್ಣಪಾಠ ಬರಲು 2002ರವರೆಗೆ ಕಾಯಬೇಕಾಯಿತು. ಅದರ ಇಂಗ್ಲಿಷ್ ಅನುವಾದ ಬಂದದ್ದು 2012ರಲ್ಲಿ. ಪೆಗ್‌ಳ ಪುಸ್ತಕವನ್ನು ದಶಕಗಳ ಕಾಲ ಶಾಲೆಗಳಲ್ಲಿ ಪಠ್ಯವಾಗಿಟ್ಟರು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಮಕ್ಕಳಿಗೆ ಅವಳೆಂದರೆ ಗೋಳಿನ ಮುದುಕಿ ಎಂಬ ಬೇಸರ ಉಳಿಯಿತು. ಅವಳ ಹಾಸ್ಯ ಯಾರಿಗೂ ಕಾಣಿಸಲಿಲ್ಲ. ಒಬ್ಬ ಮನುಷ್ಯಳನ್ನು ಮಾದರಿ ಮಾಡಿ ಗೋಡೆಗೆ ನೇತುಹಾಕಿದರೆ ಆಗುವುದು ಇದೇ.

ಕ್ಯಾಮೆರಾ ಕೂಡ ಇದೇ ಕೆಲಸ ಮಾಡಿತು. 'ದಿ ಐಲೆಂಡ್‌ಮನ್' ಇಂಗ್ಲಿಷಿಗೆ ಬಂದ 1934ರಲ್ಲೇ ರಾಬರ್ಟ್ ಫ್ಲಾಹರ್ಟಿಯ 'ಮ್ಯಾನ್ ಆಫ್ ಆರಾನ್' ಎಂಬ ಸಾಕ್ಷ್ಯಚಿತ್ರ ಬಂತು. ವೆನಿಸ್‌ನಲ್ಲಿ ಬಹುಮಾನವನ್ನೂ ಪಡೆಯಿತು. ಅಬ್ಬರದ ಅಲೆಗಳು, ಬಂಡೆಯ ಮೇಲೆ ಒಂಟಿ ಸಂಸಾರ, ದೈತ್ಯ ಶಾರ್ಕ್ ಬೇಟೆ. ಆದರೆ ತೆರೆಯ ಮೇಲಿನ ಗಂಡ, ಹೆಂಡತಿ, ಮಗ ನಿಜವಾಗಿ ಒಂದು ಕುಟುಂಬದವರಲ್ಲ. ಆ ಶಾರ್ಕ್ ಬೇಟೆ ಆರಾನ್‌ನಲ್ಲಿ ನಿಂತು ದಶಕಗಳೇ ಆಗಿದ್ದವು. ಚಿತ್ರಕ್ಕಾಗಿ ದ್ವೀಪದವರಿಗೆ ಈಟಿ ಎಸೆಯುವುದನ್ನು ಹೊಸದಾಗಿ ಕಲಿಸಬೇಕಾಯಿತು. ದೃಶ್ಯಕ್ಕೋಸ್ಕರ ಬಡ ಮೀನುಗಾರರನ್ನು ನಿಜವಾದ ಬಿರುಗಾಳಿಯ ಕಡಲಿಗೆ ಇಳಿಸಿದ್ದೂ ಉಂಟು. ಮನುಷ್ಯ ಮತ್ತು ಕಡಲಿನ ಈ ಸೆಣಸಾಟದಲ್ಲಿ ಗೇಣಿ ಕೇಳುವ ಜಮೀನುದಾರ ಇಲ್ಲ, ಮೀನಿನ ಬೆಲೆ ಇಳಿಸುವ ಸಗಟು ವ್ಯಾಪಾರಿ ಇಲ್ಲ, ದಕ್ಕೆ ಕಟ್ಟದ ಸರಕಾರ ಇಲ್ಲ. ಎದುರಾಳಿ ಅಲೆ ಮಾತ್ರ. ಅಲೆಯ ಮೇಲೆ ದೂರು ಕೊಡಲು ಬರುವುದಿಲ್ಲವಲ್ಲ! ತೊಮಾಸನ ಪುಸ್ತಕದಲ್ಲಾದರೋ ಗೇಣಿ ವಸೂಲಿಗೆ ಬಂದವರೊಂದಿಗೆ ಊರವರ ಜಗಳವೂ ಇದೆ, ಮಾರುಕಟ್ಟೆಯ ಏರಿಳಿತವೂ ಇದೆ. ಒಳಗಿನವನ ಬರಹಕ್ಕೂ ಹೊರಗಿನವನ ಚಿತ್ರಕ್ಕೂ ಇರುವ ದೊಡ್ಡ ಅಂತರ ಇದು.

ಈ ಇಡೀ ಆರಾಧನೆಯನ್ನು ಚುಚ್ಚಿದ್ದು ಐರಿಷ್ ಭಾಷೆಯದೇ ಇನ್ನೊಂದು ಪುಸ್ತಕ. ಫ್ಲಾನ್ ಓಬ್ರಿಯನ್ ಎಂದು ಪ್ರಸಿದ್ಧನಾದ ಲೇಖಕ 1941ರಲ್ಲಿ ಬೇರೊಂದು ಹೆಸರಿನಲ್ಲಿ ಬರೆದ ಈ ವಿಡಂಬನೆಯನ್ನು ಇಂಗ್ಲಿಷಿನಲ್ಲಿ 'ದಿ ಪೂರ್ ಮೌತ್' ಎನ್ನುತ್ತಾರೆ. ಭಾಷಾಪ್ರೇಮಿಯೊಬ್ಬ ಧ್ವನಿಮುದ್ರಣ ಯಂತ್ರ ಹೊತ್ತು ಕತ್ತಲ ಗುಡಿಸಲಿಗೆ ಬರುತ್ತಾನೆ. ಹಂದಿಯ ಗುರುಗುಟ್ಟುವಿಕೆಯನ್ನು ಮುದ್ರಿಸಿಕೊಂಡು, ಇಷ್ಟು ಶುದ್ಧವಾದ ಐರಿಷ್ ಕೇಳಿಯೇ ಇರಲಿಲ್ಲವೆಂದು ಹಿಗ್ಗುತ್ತಾನೆ. ಓಬ್ರಿಯನ್ ಗೇಲಿ ಮಾಡಿದ್ದು ತೊಮಾಸನನ್ನಲ್ಲ. ಅವನ ಪುಸ್ತಕವನ್ನು ಈತ ಮನಸಾರೆ ಮೆಚ್ಚಿದ್ದ. ಗೇಲಿ ಇದ್ದದ್ದು ಹಸಿದವನ ಬಾಯಿಯಿಂದ ವ್ಯಾಕರಣವನ್ನಷ್ಟೇ ಕೇಳಿಸಿಕೊಳ್ಳುವ ಕಿವಿಯ ಮೇಲೆ.

ಆ ಕಿವಿಗೆ ಕೇಳಿಸದೆ ಹೋದದ್ದು ಏನು? ಮೊದಲ ಮಹಾಯುದ್ಧದ ನಂತರ, ಉಪ್ಪು ಹಾಕಿದ ಬಂಗುಡೆಗೆ ಅಮೆರಿಕದಲ್ಲಿದ್ದ ಮಾರುಕಟ್ಟೆ ಬಿದ್ದುಹೋಯಿತು. ದ್ವೀಪದ ಹುಡುಗ ಹುಡುಗಿಯರು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣಕ್ಕೆ ಸಾಲುಸಾಲಾಗಿ ಹೊರಟರು. ಹೆಣ್ಣುಮಕ್ಕಳು ಹೋದ ಮೇಲೆ ಮದುವೆಗಳು ನಿಂತವು. ಮದುವೆಗಳು ನಿಂತ ಮೇಲೆ ಶಾಲೆಗೆ ಮಕ್ಕಳಿಲ್ಲ. 1941ರಲ್ಲಿ ಶಾಲೆ ಮುಚ್ಚಿತು. ದೋಣಿಗೆ ಕೈಗಳು ಕಡಿಮೆಯಾದವು, ಉಳಿದವರು ಮುದುಕರಾದರು. 1946-47ರ ಚಳಿಗಾಲದಲ್ಲಿ ಒಬ್ಬ ಯುವಕ ಮೆದುಳುಜ್ವರದಿಂದ ಮಲಗಿದ. ಕಡಲು ಬಿಡಲಿಲ್ಲ. ವೈದ್ಯನೂ ಬರಲಾಗಲಿಲ್ಲ, ಪಾದ್ರಿಯೂ ಬರಲಾಗಲಿಲ್ಲ. ಹುಡುಗ ಸತ್ತ. ಆ ಸಾವು ಊರಿನ ಧೈರ್ಯವನ್ನೇ ಮುರಿಯಿತು. 1947ರ ಏಪ್ರಿಲ್‌ನಲ್ಲಿ, ಬಿರುಗಾಳಿಗೆ ಸಿಕ್ಕಿ ಆಹಾರ ಮುಗಿದಿದೆ ಎಂದು ದ್ವೀಪದವರು ನೇರವಾಗಿ ಪ್ರಧಾನಿ ಡಿ ವೆಲೆರಾಗೆ ತಂತಿ ಕಳಿಸಿದರು. ಬ್ಲಾಸ್ಕೆಟ್‌ನವರು ಬರೆದದ್ದರಲ್ಲಿ ಅತ್ಯಂತ ಚಿಕ್ಕದು ಈ ತಂತಿ. ಬರೆದವರಿಗೆ ಅಂದು ಬೇಕಾಗಿದ್ದದ್ದನ್ನು ನೇರವಾಗಿ ಕೇಳಿದ್ದೂ ಇದೊಂದೇ.

ಡಿ ವೆಲೆರಾ ಅದೇ ಬೇಸಿಗೆಯಲ್ಲಿ ದ್ವೀಪಕ್ಕೆ ಬಂದ. ಆದರೂ ಸರಕಾರದ ತೀರ್ಮಾನಕ್ಕೆ ಆರು ವರ್ಷ ಹಿಡಿಯಿತು. 1953ರ ನವೆಂಬರ್ 17ರಂದು ಸ್ಥಳಾಂತರ ಶುರುವಾಯಿತು. ಆಗ ಉಳಿದಿದ್ದವರು ಇಪ್ಪತ್ತರ ಆಸುಪಾಸು. ಅವತ್ತೂ ಹವೆ ಕೆಟ್ಟು ಎಲ್ಲರನ್ನೂ ದಾಟಿಸಲಾಗಲಿಲ್ಲ. ಒಳನಾಡಿನ ಡನ್‌ಕ್ವಿನ್ ಕಡೆ ಅವರಿಗೆ ಮನೆ, ತುಂಡು ಭೂಮಿ ಕೊಟ್ಟರು.

ಈ ಸ್ಥಳಾಂತರವನ್ನು ಹಲವರು ಒಂದು ಸಂಸ್ಕೃತಿಯ ಸಾವೆಂದು ಬರೆದಿದ್ದಾರೆ. ಆ ದುಃಖ ಸುಳ್ಳಲ್ಲ. ಆದರೆ ಹೊರಡಬೇಕೆಂದು ಕೇಳಿದವರು ದ್ವೀಪದವರೇ ಎಂಬುದನ್ನು ಮರೆಯಬಾರದು. ವೈದ್ಯನಿರುವ ಕಡೆ ಬದುಕಬೇಕೆಂದು ಬಯಸುವುದು ಸಂಸ್ಕೃತಿದ್ರೋಹವಲ್ಲ. ಹಾಗೆ ನೋಡಿದರೆ, ಊರು ಬಿಡದೆಯೂ ಅವರು ಬದುಕುವ ದಾರಿ ಇತ್ತೇ ಎಂಬ ಪ್ರಶ್ನೆಯನ್ನು ಸಮಯವಿದ್ದಾಗ ಕೇಳಬೇಕಿತ್ತು. ಒಳ್ಳೆಯ ದಕ್ಕೆ, ನಂಬಬಹುದಾದ ಮೋಟಾರು ದೋಣಿ, ಮೀನಿಗೆ ಖಾತ್ರಿ ಬೆಲೆ. ಜನ 176 ಇದ್ದಾಗ ಇವು ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಐರಿಷನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿದ ಸರಕಾರಕ್ಕೆ ಅದನ್ನು ತಾಯಿಯಿಂದ ಕಲಿತವರ ದೋಣಿ ಕಾಣಿಸಲಿಲ್ಲ. ವಿದ್ವಾಂಸರನ್ನು ಈ ಮಾತಿಗೆ ಪೂರ್ತಿ ಹೊಣೆ ಮಾಡುವುದೂ ಸರಿಯಲ್ಲ. ಫ್ಲವರ್ ವರ್ಷವರ್ಷ ಬಂದ, ದ್ವೀಪದವರ ಸ್ನೇಹಿತನಾದ, ಸತ್ತ ಮೇಲೆ ತನ್ನ ಚಿತಾಭಸ್ಮವನ್ನು ಅಲ್ಲೇ ಚೆಲ್ಲಿಸಿಕೊಂಡ. ಪ್ರೀತಿಗೆ ಕೊರತೆಯಿರಲಿಲ್ಲ. ಆದರೆ ದಕ್ಕೆಯನ್ನು ಕಟ್ಟಬೇಕಾದದ್ದು ಪ್ರೀತಿಯಲ್ಲ, ಆಡಳಿತ.

1993ರಲ್ಲಿ ಡನ್‌ಕ್ವಿನ್‌ನಲ್ಲಿ ಬ್ಲಾಸ್ಕೆಟ್ ಜನರ ನೆನಪಿಗೆ ದೊಡ್ಡ ಕೇಂದ್ರವೊಂದು ತೆರೆಯಿತು. ಅದರ ಗಾಜಿನಾಚೆ ದ್ವೀಪ ಕಾಣುತ್ತದೆ. ಬೇಸಿಗೆಯಲ್ಲಿ ಪ್ರವಾಸಿಗರು ಯಂತ್ರದ ದೋಣಿಯಲ್ಲಿ ಹೋಗಿ ಮುರಿದ ಗೋಡೆಗಳನ್ನು ನೋಡಿ ಬರುತ್ತಾರೆ. ನೆನಪಿಗೆ ಕಟ್ಟಡ ಸಿಕ್ಕಿತು. ಬದುಕಿದ್ದಾಗ ಅವರು ದೋಣಿಯನ್ನು ಹೆಗಲ ಮೇಲೆ ಹೊತ್ತೇ ದಡ ಹತ್ತಿಸಬೇಕಿತ್ತು.

ಹಾಗಾದರೆ 'ದಿ ಐಲೆಂಡ್‌ಮನ್' ಅನ್ನು ಇಂದು ಹೇಗೆ ಓದಬೇಕು? ನನ್ನ ಮಟ್ಟಿಗೆ, ಅದನ್ನು ಅಳಿದುಹೋದ ಜನಾಂಗದ ಸ್ಮಾರಕವೆಂದು ಓದುವುದನ್ನು ಮೊದಲು ನಿಲ್ಲಿಸಬೇಕು. ಪುಸ್ತಕದ ಕೊನೆಯ ಪುಟದ ಒಂದು ಮಾತನ್ನು ಐರ್ಲೆಂಡಿನಲ್ಲಿ ಸಮಾಧಿಯ ಬರಹದಂತೆ ಬಾಯಿಂದ ಬಾಯಿಗೆ ದಾಟಿಸಿದ್ದಾರೆ. ಆ ಒಂದು ಸಾಲಿನ ಭಾರಕ್ಕೆ ಹಿಂದಿನ ನೂರಾರು ಪುಟಗಳು ಮುಚ್ಚಿಹೋಗಿವೆ. ಆ ಪುಟಗಳಲ್ಲಿ ಇರುವವನು ಅಳಿದ ಜನಾಂಗದ ಪ್ರತಿನಿಧಿಯಲ್ಲ. ಲೆಕ್ಕ ಬಲ್ಲವನು, ಜಗಳಗಂಟ, ನಗೆಗಾರ, ಹಿಟ್ಟಿನ ಬೆಲೆ ಎಷ್ಟು ಏರಿತೆಂದು ಕೇಳುವವನು. ಅವನು ತನ್ನ ಭಾಷೆಯನ್ನು ಉಳಿಸಲೆಂದು ಬದುಕಲಿಲ್ಲ. ಬದುಕಲು ಆ ಭಾಷೆಯನ್ನು ಆಡಿದ. ದೋಣಿಯ ಆ ಬದಿಯಿಂದ ಈ ಬದಿಗೆ, ಗಾಳಿಯ ಸದ್ದನ್ನು ಮೀರಿ ಕೂಗಲು ಅವನಿಗೆ ಅದು ಬೇಕಿತ್ತು.

ಸಣ್ಣ ಭಾಷೆಗಳ ಬಗ್ಗೆ, ದೂರದ ಊರುಗಳ ಬಗ್ಗೆ ಮೆಚ್ಚುಗೆಯಿಂದ ಬರೆಯುವವರೆಲ್ಲ ಈ ವ್ಯತ್ಯಾಸವನ್ನು ನೆನಪಿಡುವುದು ಒಳ್ಳೆಯದು. ಮಾತನ್ನು ಬರೆದಿಟ್ಟುಕೊಳ್ಳುವುದು ಸುಲಭ, ಒಂದು ನೋಟ್ ಪುಸ್ತಕ ಸಾಕು. ಮಾತಾಡುವವರು ಅದೇ ಊರಿನಲ್ಲಿ ಮಕ್ಕಳನ್ನು ಬೆಳೆಸುವಂತೆ ಮಾಡುವುದು ಕಷ್ಟ. ಮೊದಲನೆಯದನ್ನು ಬ್ಲಾಸ್ಕೆಟ್‌ನಲ್ಲಿ ಅದ್ಭುತವಾಗಿ ಮಾಡಿದರು. ಎರಡನೆಯದು ಆಗಲಿಲ್ಲ ಎಂಬುದಕ್ಕೆ ತೊಮಾಸನ ಪುಸ್ತಕವೇ ಸಾಕ್ಷಿ. ಸಾಕ್ಷಿಯ ಮಾತಿನಲ್ಲಿ ಸೊಬಗಿದೆ ಎಂದು ತಲೆದೂಗಿ ಎದ್ದುಬಿಟ್ಟರೆ ನಾವು ಅವನ ಸಾಕ್ಷ್ಯವನ್ನು ಕೇಳಿಸಿಕೊಂಡಂತಾಗುವುದಿಲ್ಲ.